ಹನ್ನೊಂದನೆಯ ಕರಾರು

ಶಂಖವರ ಮತ್ತು ತುರಂಗ ಎಂಬ ಎರಡು ರಾಜ್ಯಗಳ ನಡುವೆ ಒಂದು ದೊಡ್ಡ ಹೊಳೆ ಹರಿಯುತ್ತಿತ್ತು. ಶಂಖವರದಲ್ಲಿ ಉಪ್ಪಿತ್ತು, ತುರಂಗದಲ್ಲಿ ಕುದುರೆಗಳಿದ್ದವು. ಒಬ್ಬರಲ್ಲಿದ್ದದ್ದು ಇನ್ನೊಬ್ಬರಿಗೆ ಬೇಕಿತ್ತು. ಆದರೂ ಹದಿನೆಂಟು ವರ್ಷ ಅವರು ಕೊಟ್ಟುಕೊಂಡದ್ದು ಹೆಣಗಳನ್ನು ಮಾತ್ರ.

ಕೊನೆಗೆ ಎರಡೂ ಕಡೆಯವರು ಸೋತು ಸುಣ್ಣವಾದರು. ಶಂಖವರದ ಅರಸ ತನ್ನ ಆಸ್ಥಾನದ ಶ್ರುತಕೀರ್ತಿಯನ್ನು ರಾಯಭಾರಿಯಾಗಿ ಆಚೆ ದಡಕ್ಕೆ ಕಳಿಸಿದ. ತುರಂಗದ ಭಾಷೆಯನ್ನು ಚೆನ್ನಾಗಿ ಬಲ್ಲವನು ಆ ಆಸ್ಥಾನದಲ್ಲಿ ಅವನೊಬ್ಬನೇ.

ಅವನಿಗೆ ಅದನ್ನು ಕಲಿಸಿದವರು ಹೊಳೆದಂಡೆಯ ಆಶ್ರಮದ ವಿಪುಲಮುನಿಗಳು. ಅವರು ಹುಟ್ಟಿದ್ದು ತುರಂಗದಲ್ಲಿ. ಪ್ರಾಯದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದವರು. ಇದು ಊರಿಗೆಲ್ಲ ಗೊತ್ತಿದ್ದ ವಿಷಯ.

ಏಳು ತಿಂಗಳ ನಂತರ ಶ್ರುತಕೀರ್ತಿ ಎರಡೂ ಭಾಷೆಗಳಲ್ಲಿ ಬರೆದ ಹನ್ನೊಂದು ಕರಾರುಗಳ ಒಪ್ಪಂದ ಹಿಡಿದು ಮರಳಿದ. ಅರಮನೆಯಲ್ಲಿ ಮುದ್ರೆ ಬಿದ್ದದ್ದೇ ತಡ, ನೇರವಾಗಿ ಆಶ್ರಮಕ್ಕೆ ನಡೆದ.

ಗುರುಗಳು ಅಂಗಳದಲ್ಲಿ ಕೂತು ಹುರುಳಿಯಿಂದ ಕಲ್ಲು ಆರಿಸುತ್ತಿದ್ದರು. ಅವನು ಪಾದಕ್ಕೆರಗಿದ.

"ಯುದ್ಧ ಮುಗಿಯಿತು, ಗುರುಗಳೇ. ಹನ್ನೊಂದು ಕರಾರಿಗೆ ಎರಡೂ ಕಡೆ ಒಪ್ಪಿದ್ದಾರೆ."

"ಒಳ್ಳೆಯದಾಯಿತು. ಓದು, ಕೇಳೋಣ."

ಅವನು ಓದಿದ. ಉಪ್ಪಿನ ದೋಣಿಗಳಿಗೆ ತಡೆಯಿಲ್ಲ. ಕುದುರೆಗಳಿಗೆ ಸುಂಕವಿಲ್ಲ. ಒಬ್ಬರ ರಾಜಧಾನಿಯಲ್ಲಿ ಇನ್ನೊಬ್ಬರ ರಾಯಭಾರಿಗೆ ಮನೆ. ಬರ ಬಂದವರಿಗೆ ಇನ್ನೊಬ್ಬರ ಕಣಜದಿಂದ ಧಾನ್ಯ. ಗುರುಗಳು ಒಂದೊಂದಕ್ಕೂ ತಲೆದೂಗಿದರು.

ಹತ್ತು ಮುಗಿಸಿ ಅವನು ಓಲೆಗಳನ್ನು ಕಟ್ಟತೊಡಗಿದ.

"ಇನ್ನೊಂದು?"

"ಅದು ಸಣ್ಣದು."

"ಸಣ್ಣದಾದರೆ ಹೊತ್ತೂ ಹಿಡಿಯುವುದಿಲ್ಲ. ಓದು."

ಅವನು ಓದಿದ: "ತುರಂಗದಿಂದ ಬಂದು ಶಂಖವರದಲ್ಲಿ ನೆಲೆಸಿದವರು ಗೌರವಪೂರ್ವಕವಾಗಿ ಸ್ವದೇಶ ಸೇರತಕ್ಕದ್ದು."

"ಇದು ನಮ್ಮ ಪ್ರತಿ. 'ಸ್ವದೇಶ ಸೇರುವುದು' ಎಂಬಲ್ಲಿ ಅವರ ಪ್ರತಿಯಲ್ಲಿ ಯಾವ ಪದವಿದೆ?"

"ಖೆರಾಲ್."

"ಆ ಪದಕ್ಕೆ ಏನು ಅರ್ಥ ಹೇಳಿಕೊಟ್ಟಿದ್ದೆ?"

"ಹಗ್ಗ ಕಿತ್ತುಕೊಂಡು ಓಡಿದ ದನವನ್ನು ಹಿಡಿದು ಒಡೆಯನಿಗೆ ಒಪ್ಪಿಸುವುದು."

ಗುರುಗಳು ಹುರುಳಿಯ ಮೊರ ಪಕ್ಕಕ್ಕಿಟ್ಟರು.

ಆಶ್ರಮದಿಂದ ಕೂಗಳತೆಯಲ್ಲಿ ನೇಕಾರರ ನಲವತ್ತು ಮನೆಗಳಿದ್ದವು. ಯುದ್ಧದ ಮೊದಲ ವರ್ಷ, ತುರಂಗದ ಸೇನೆಗೆ ಸೇರಲು ಒಪ್ಪದೆ ಹೊಳೆ ದಾಟಿ ಬಂದವರು. ಒಪ್ಪಂದಕ್ಕೆ ಲಗತ್ತಿಸಿದ ಪಟ್ಟಿಯಲ್ಲಿ ಇದ್ದವರು ಅವರೇ.

"ಅದೊಂದಿಲ್ಲದೆ ಅವರು ಉಳಿದ ಯಾವುದಕ್ಕೂ ಒಪ್ಪಲಿಲ್ಲ," ಎಂದ ಶ್ರುತಕೀರ್ತಿ. "ನಲವತ್ತು ಮನೆ, ಗುರುಗಳೇ. ಯುದ್ಧ ಇನ್ನೊಂದು ವರ್ಷ ನಡೆದಿದ್ದರೆ ನಾಲ್ಕು ಸಾವಿರ ಮನೆಗಳಲ್ಲಿ ಅಳು ಏಳುತ್ತಿತ್ತು."

ಗುರುಗಳು ಆ ಮನೆಗಳ ಕಡೆ ನೋಡಿದರು.

"ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ. ಅದಕ್ಕಾಗಿ ಮೂರು ದಿನ ವಾದ ಮಾಡಿದೆ." ಅವನು ಇದನ್ನು ಕಾಣಿಕೆ ಇಟ್ಟಂತೆ ಹೇಳಿದ.

"ನನಗಾಗಿ ಮೂರು ದಿನ. ಅವರಿಗಾಗಿ?"

ಅವನು ಓಲೆಗಳ ದಾರ ಬಿಗಿಯತೊಡಗಿದ.

"ಹಾಗಾದರೆ ಅಲ್ಲಿಗೆ ಹೋದವರಿಗೆ ಏನಾಗುತ್ತದೆಂದು ನಿನಗೆ ಗೊತ್ತಿತ್ತು," ಎಂದರು ಗುರುಗಳು. ಎದ್ದು ನಿಂತರು. "ಬಾ, ಅವರಿಗೆ ಓದಿ ಹೇಳು."

"ನಾಳೆ ಭಟರು ಬಂದು ಡಂಗುರ ಸಾರುತ್ತಾರೆ."

"ಬರೆದವನು ನೀನು."

ಮಗ್ಗಗಳ ಸದ್ದು ನಿಂತಿತು. ಜನ ಬೇವಿನ ಮರದಡಿ ಸೇರಿದರು. ಶ್ರುತಕೀರ್ತಿ ಶಂಖವರದ ಪ್ರತಿಯನ್ನು ಬಿಚ್ಚಿದ.

"ಅದಲ್ಲ," ಎಂದರು ಗುರುಗಳು. "ಅವರ ಪ್ರತಿ."

ಅವನು ಓದಿದ. ಖೆರಾಲ್ ಎಂಬ ಪದ ಬಂದಾಗ ಹಿರಿಯರ ಮುಖ ಒಣಗಿತು. ಆ ಭಾಷೆ ಕಲಿಯದೆ ಇಲ್ಲೇ ಹುಟ್ಟಿ ಬೆಳೆದವರಿಗೆ ಏನೂ ತಿಳಿಯಲಿಲ್ಲ. ಅವರು ತಮ್ಮ ತಂದೆತಾಯಿಯರ ಮುಖ ನೋಡಿದರು.

ಸೆರಿಮಾ ಎಂಬ ಹೆಂಗಸು ಮುಂದೆ ಬಂದಳು. "ಯಾವಾಗ?"

"ಇನ್ನು ಮೂರು ದಿನಕ್ಕೆ."

"ಮಗ್ಗದ ಮೇಲಿರುವ ಸೀರೆ ಅಷ್ಟರಲ್ಲಿ ಮುಗಿಯುವುದಿಲ್ಲ," ಎಂದಳು ಅವಳು. "ನಿಮ್ಮ ರಾಣಿಯವರದೇ. ಒಪ್ಪಂದದ ಉತ್ಸವಕ್ಕೆ ಉಡಬೇಕೆಂದು ಹೇಳಿಕಳಿಸಿದ್ದರು."

ಆಮೇಲೆ ಕೇಳಿದಳು: "ನನ್ನ ಗಂಡನನ್ನು ಅಲ್ಲಿ ಏನು ಮಾಡುತ್ತಾರೆ, ಸ್ವಾಮಿ?"

ಶ್ರುತಕೀರ್ತಿಗೆ ಎರಡು ಭಾಷೆಯಲ್ಲೂ ಉತ್ತರ ಗೊತ್ತಿತ್ತು. ಯಾವುದರಲ್ಲೂ ಬಾಯಿ ಬರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಅವನು ಗುರುಗಳ ಮುಂದೆ ಬಂದು ನಿಂತ.

"ಒಪ್ಪಂದ ಹರಿದುಹಾಕಲೆ, ಗುರುಗಳೇ?"

"ಹರಿ. ನಾಡಿದ್ದು ಅವರ ಕುದುರೆಗಳು ಸವಾರರ ಸಮೇತ ಹೊಳೆ ದಾಟುತ್ತವೆ."

"ಇವರನ್ನು ಕಾಡಿಗೆ ಸಾಗಿಸಲೆ?"

"ಸಾಗಿಸು. ಹುಡುಕಲು ಬರುವವರು ನಮ್ಮ ಅರಸನ ಭಟರೇ."

"ಹಾಗಾದರೆ ನಾನೇನು ಮಾಡಲಿ?"

"ಲೇಖನಿ ಕೈಯಲ್ಲಿದ್ದಾಗ ಕೇಳಬೇಕಾಗಿದ್ದ ಪ್ರಶ್ನೆ ಅದು."

ಆದರೂ ಅವನು ಅರಮನೆಗೆ ಓಡಿದ. ಅರಸನ ಕಾಲು ಹಿಡಿದು, ಹನ್ನೊಂದನೆಯ ಕರಾರಿನ ಬಗ್ಗೆ ಮತ್ತೆ ಮಾತಾಡಲು ಅಪ್ಪಣೆ ಬೇಡಿದ. ಅರಸ ಅವನನ್ನು ಮೇಲುಪ್ಪರಿಗೆಗೆ ಕರೆದೊಯ್ದು ಹೊಳೆ ತೋರಿಸಿದ. ದಂಡೆಯುದ್ದಕ್ಕೂ ಉಪ್ಪು ತುಂಬಿದ ದೋಣಿಗಳು ನಿಂತಿದ್ದವು.

"ಇಷ್ಟು ಒಳ್ಳೆಯ ಒಪ್ಪಂದ ತಂದವನು ನೀನೇ ಅಲ್ಲವೆ?" ಎಂದ ಅರಸ. ಭುಜ ತಟ್ಟಿ ಕಳಿಸಿದ.

ಮೂರನೆಯ ದಿನ ಬೆಳಿಗ್ಗೆ ಕಡವಿನಲ್ಲಿ ತುರಂಗದ ದೋಣಿಗಳು ನಿಂತವು. ಪಟ್ಟಿಯಲ್ಲಿದ್ದ ಹೆಸರುಗಳನ್ನು ಕೂಗುವ ಕೆಲಸ ರಾಯಭಾರಿಯದು. ಶ್ರುತಕೀರ್ತಿ ಒಂದೊಂದೇ ಹೆಸರು ಕೂಗಿದ. ಒಬ್ಬೊಬ್ಬರೇ ಬಂದು ದೋಣಿ ಹತ್ತಿದರು. ಗಂಡಸರ ಕೈಗೆ ಹಗ್ಗ ಬಿತ್ತು. ಸೆರಿಮಾ ಅವನ ಕಡೆ ನೋಡದೆ ನಡೆದುಹೋದಳು.

ಕೊನೆಯ ಹೆಸರಾದ ಮೇಲೂ ಒಬ್ಬರು ಅವನ ಎದುರು ನಿಂತಿದ್ದರು. ವಿಪುಲಮುನಿಗಳು. ಹೆಗಲಿಗೆ ಒಂದು ಜೋಳಿಗೆ.

ತುರಂಗದ ಅಧಿಕಾರಿ ಕೈ ಅಡ್ಡ ಹಿಡಿದ. "ಪಟ್ಟಿಯಲ್ಲಿ ಇಲ್ಲದವರನ್ನು ನಾವು ಒಯ್ಯುವುದಿಲ್ಲ."

ಗುರುಗಳು ಶಿಷ್ಯನತ್ತ ತಿರುಗಿದರು. "ಬರೆ."

"ನಾನು ಬರೆಯಲಾರೆ."

"ನಲವತ್ತು ಮನೆಯವರ ಹೆಸರು ಬರೆದ ಕೈ ಇದು. ಇನ್ನೊಂದು ಹೆಸರಿಗೆ ಸೋತೀತೆ?"

"ಅವರು ನಿಮ್ಮನ್ನು ಉಳಿಸುವುದಿಲ್ಲ, ಗುರುಗಳೇ."

"ಗೊತ್ತು. ಬರೆ."

ಅವನು ಪಟ್ಟಿಯನ್ನು ಮಡಿಲಲ್ಲಿಟ್ಟು ಮರಳಿನ ಮೇಲೆ ಕೂತ. ಗುರುಗಳು ಕಾದರು. ದೋಣಿಯವರೂ ಕಾದರು. ಕೊನೆಗೆ ಅವನು ಲೇಖನಿ ಎತ್ತಿ ಬರೆದ. ಅಕ್ಷರಗಳು ಸೊಟ್ಟಗಾದವು, ಆದರೂ ಓದಲು ಬರುವಂತಿದ್ದವು. ಅಧಿಕಾರಿ ನೋಡಿ ದಾರಿ ಬಿಟ್ಟ.

ಗುರುಗಳು ನೀರಿಗಿಳಿದರು. ಶ್ರುತಕೀರ್ತಿ ಮೊಣಕಾಲುದ್ದ ನೀರಿನಲ್ಲಿ ಅವರ ಹಿಂದೆ ಹೋಗಿ ಜೋಳಿಗೆ ಹಿಡಿದುಕೊಂಡ.

"ನೀವು ಹೋದರೆ ಅವರಲ್ಲಿ ಒಬ್ಬರಾದರೂ ಬದುಕುತ್ತಾರೆಯೆ? ಇಲ್ಲ ತಾನೆ? ಮತ್ತೆ ಯಾಕೆ ಹೋಗುತ್ತೀರಿ?"

ಗುರುಗಳು ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು.

"ಇಲ್ಲಿ ಹುಟ್ಟಿದವರಿಗೆ ಆ ಭಾಷೆ ಬರುವುದಿಲ್ಲ, ಮಗು. ಹೆತ್ತವರಿಗೆ ಮಕ್ಕಳ ಮುಂದೆ ನಿಜ ಹೇಳಲು ಬಾಯಿ ಬರುವುದಿಲ್ಲ. ಅಲ್ಲಿ ತಮಗೆ ಏನು ಹೇಳುತ್ತಿದ್ದಾರೆಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸುವವರು ಅವರಿಗೆ ಒಬ್ಬರಾದರೂ ಬೇಕು."