ತಮಟೆಯ ನಡುವೆ ಒಂದು ಉಸಿರು

ಉಮಾಪತಿಗೆ ಸದ್ದು ಕಂಡರೆ ಆಗುತ್ತಿರಲಿಲ್ಲ. ಸದ್ದಿಲ್ಲದ ಜಾಗ ಹುಡುಕಿಕೊಂಡೇ ಅವನು ನದಿ ದಂಡೆಯ ಆಶ್ರಮಕ್ಕೆ, ಗುರು ಅಡವಯ್ಯನವರ ಬಳಿಗೆ ಬಂದಿದ್ದ.

ಆದರೆ ಆಶ್ರಮದ ಮಗ್ಗುಲಲ್ಲೇ ಒಂದು ಮರಳು ಬಯಲಿತ್ತು. ಕೊಯ್ಲು ಮುಗಿದ ಮೇಲೆ ನದಿಯ ಈಚೆಗಿನ ನೀರಮಡುವಿನವರೂ ಆಚೆಗಿನ ಗುಡ್ಡದಕೇರಿಯವರೂ ಸೋಮವಾರ ಬಂತೆಂದರೆ ಅಲ್ಲಿ ಕಬಡ್ಡಿ ಆಡುತ್ತಿದ್ದರು. ಆಡುವವರು ಬರಿಗೈಯಲ್ಲಿ ಬರುತ್ತಿದ್ದರು. ನೋಡುವವರು ತಮಟೆ, ಜಾಗಟೆ, ಕಹಳೆ, ಪ್ಲಾಸ್ಟಿಕ್ ಪೀಪಿ ಹೊತ್ತು ಬರುತ್ತಿದ್ದರು.

ಆ ವರ್ಷ ತೀರ್ಪುಗಾರ ಸಿಗಲಿಲ್ಲ. ಎರಡೂ ಊರಿನ ಹಿರಿಯರು ಅಡವಯ್ಯನವರ ಮುಂದೆ ಕುಳಿತರು.

"ನಮ್ಮೂರಿನವರು ನಿಂತರೆ ಅವರು ಒಪ್ಪಲ್ಲ. ಅವರೂರಿನವರು ನಿಂತರೆ ನಾವು ಒಪ್ಪಲ್ಲ. ಆಶ್ರಮದಿಂದಲೇ ಯಾರನ್ನಾದರೂ ಕಳಿಸಿಕೊಡಿ."

ಗುರುಗಳು ಉಮಾಪತಿಯ ಕಡೆ ನೋಡಿದರು.

"ನಾನೇ? ಆ ಗದ್ದಲದಲ್ಲಿ?"

"ನೀನು ಕಬಡ್ಡಿ ಆಡಿದವನಲ್ಲವೇ?"

"ಅದು ಕಾಲೇಜಿನಲ್ಲಿ, ಗುರುಗಳೇ."

"ಗೆರೆ ದಾಟುವುದು ಎಲ್ಲಾದರೂ ಒಂದೇ. ಹೋಗು."

ನೀರಮಡುವಿನ ಬೋರಲಿಂಗ ಆ ಸೀಮೆಗೇ ಹೆಸರಾದ ಆಟಗಾರ. ಈಗ ಮಂಡಿ ಸವೆದಿತ್ತು. ಈ ವರ್ಷ ಆಡಿ ಬಿಟ್ಟುಬಿಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದ. ಅವನು ಆಡುವ ದಿನ ಅವನ ಅಕ್ಕ ಸಾಕಮ್ಮ ಜಾಗಟೆ ಹಿಡಿದು ಅಂಕಣದ ಅಂಚಿನಲ್ಲೇ ಕೂರುತ್ತಿದ್ದಳು.

ಎದುರಾಳಿಯ ಅಂಕಣಕ್ಕೆ ದಾಳಿ ಹೋದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಮುಟ್ಟಿ ವಾಪಸು ಬರಬೇಕು. ನಡುವೆ ಉಸಿರು ಮುರಿದರೆ ಔಟ್. ಅದನ್ನು ಕಣ್ಣಿನಿಂದ ಹಿಡಿಯಲಾಗದು, ಕಿವಿಯಿಂದಲೇ ಹಿಡಿಯಬೇಕು.

ಮೊದಲ ಸೋಮವಾರದ ಪಂದ್ಯ ಕೊನೆಯವರೆಗೂ ಸಮಸಮವಾಗಿ ಸಾಗಿತು. ಕೊನೆಯ ದಾಳಿಗೆ ಬೋರಲಿಂಗ ಹೋದ. ಇಬ್ಬರನ್ನು ಮುಟ್ಟಿದ. ತಿರುಗುವಾಗ ಒಬ್ಬ ಅವನ ಕಾಲು ಹಿಡಿದ. ಬೋರಲಿಂಗ ಮರಳಲ್ಲಿ ತೆವಳುತ್ತ ಗೆರೆಯ ಕಡೆ ಕೈ ಚಾಚಿದ.

ಎರಡೂ ಕಡೆಯ ತಮಟೆ ಒಟ್ಟಿಗೇ ಮೊರೆಯಿತು. ಕಹಳೆ, ಪೀಪಿ, ಕೂಗು. ಉಮಾಪತಿಗೆ ಬೋರಲಿಂಗನ ತುಟಿ ಅಲುಗುವುದು ಕಾಣುತ್ತಿತ್ತು. ದನಿ ಬರುತ್ತಿರಲಿಲ್ಲ. ಒಂದು ಗಳಿಗೆ ಆ ತುಟಿಯೂ ನಿಂತ ಹಾಗಾಯಿತು. ಬೋರಲಿಂಗನ ಬೆರಳು ಗೆರೆ ಮುಟ್ಟಿತು.

ಎಲ್ಲರೂ ಉಮಾಪತಿಯನ್ನೇ ನೋಡಿದರು.

ಅವನು ಕೈ ಎತ್ತಿದ. "ಉಸಿರು ಮುರಿಯಿತು. ಔಟ್."

ಗುಡ್ಡದಕೇರಿ ಗೆದ್ದಿತು.

ಬೋರಲಿಂಗ ಮುಖದ ಮರಳು ಒರೆಸಿಕೊಳ್ಳದೆಯೇ ಎದುರಿಗೆ ಬಂದು ನಿಂತ.

"ನಾನು ಉಸಿರು ಬಿಟ್ಟಿಲ್ಲ ಸ್ವಾಮಿ."

"ಬಿಟ್ಟೆ."

"ನೀವು ಕೇಳಿಸ್ಕೊಂಡ್ರಾ?"

"ಕೇಳಿಸಿಕೊಂಡೆ."

ಬೋರಲಿಂಗ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಸರಿ ಸ್ವಾಮಿ," ಎಂದು ಕುಂಟುತ್ತ ಹೊರಟುಹೋದ.

ಆ ರಾತ್ರಿ ಉಮಾಪತಿ ಗುರುಗಳ ಬಳಿ ಹೋದ.

"ಆ ವಾದ್ಯಗಳನ್ನು ನಿಲ್ಲಿಸಬೇಕು, ಗುರುಗಳೇ."

"ಯಾಕೆ?"

"ಆ ಸದ್ದಿನಲ್ಲಿ ನ್ಯಾಯ ಹೇಳಲು ಆಗುವುದಿಲ್ಲ."

"ತೀರ್ಪುಗಾರ ನೀನು. ನಿಲ್ಲಿಸು."

ಮುಂದಿನ ಸೋಮವಾರ ಬಂದವರ ಕೈಯಲ್ಲಿದ್ದುದನ್ನೆಲ್ಲ ಉಮಾಪತಿ ಇಸಿದುಕೊಂಡ. ಆಶ್ರಮದ ಜಗಲಿಯ ಮೇಲೆ ತಮಟೆ, ಕಹಳೆಗಳ ರಾಶಿ ಬಿತ್ತು. ಸಾಕಮ್ಮನೂ ಜಾಗಟೆ ಕೊಟ್ಟಳು.

"ಇದೇನು ಆಟವೋ, ಸಾವಿನ ಮನೆಯೋ?" ಎಂದು ಒಬ್ಬ ಮುದುಕ ಗೊಣಗಿದ.

ಆಟ ಶುರುವಾಯಿತು. ಉಮಾಪತಿಗೆ ಎಲ್ಲವೂ ಕೇಳುತ್ತಿತ್ತು. ಉಸಿರು ಎಳೆಯುವುದು, ಪಾದ ಮರಳಲ್ಲಿ ಕುಸಿಯುವುದು, ಬಟ್ಟೆ ಹರಿಯುವುದು. ಅವನಿಗೆ ಹಿತವೆನಿಸಿತು.

ಬೋರಲಿಂಗ ದಾಳಿಗೆ ಎದ್ದ. ಆಗ ಗುಡ್ಡದಕೇರಿಯವರ ನಡುವಿನಿಂದ ಒಂದು ಮಾತು ಬಂತು. ಕೂಗಿದ್ದೂ ಅಲ್ಲ, ಪಕ್ಕದವನಿಗೆ ಹೇಳಿದ ಹಾಗಿತ್ತು.

"ಬಂದ ನೋಡು, ಉಸಿರು ಕಳ್ಳ."

ಹಿಂದಿನ ವಾರವಾಗಿದ್ದರೆ ತಮಟೆ ಅದನ್ನು ನುಂಗಿಬಿಡುತ್ತಿತ್ತು. ಇವತ್ತು ಬಯಲಿಗೆಲ್ಲ ಕೇಳಿತು. ಯಾರೋ ನಕ್ಕರು. ಸಾಕಮ್ಮ ಎದ್ದು ನಿಂತಳು. ಈ ಕಡೆಯಿಂದ ಒಬ್ಬ ಆ ಮಾತಾಡಿದವನ ತಾಯಿಯನ್ನು ಎಳೆದು ಬೈದ.

ಬೋರಲಿಂಗನ ಕಾಲು ಗೆರೆಯ ಮೇಲೆ ತಡೆಯಿತು. ಆದರೂ ಹೋದ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದನಿ ನಡುಗಿ ನಿಂತುಹೋಯಿತು. ಈ ಸಲ ಉಮಾಪತಿಗೆ ಸ್ಪಷ್ಟವಾಗಿ ಕೇಳಿತು. ಉಸಿರು ಮುರಿದಿತ್ತು.

ಅಷ್ಟರಲ್ಲಿ ಎರಡೂ ಊರಿನವರು ಅಂಕಣಕ್ಕೆ ನುಗ್ಗಿದ್ದರು. ಉಮಾಪತಿ ಅರ್ಧಕ್ಕೇ ಪಂದ್ಯ ನಿಲ್ಲಿಸಿದ.

ಸಂಜೆ ಗುರುಗಳು ನದಿಯ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದರು.

"ವಾದ್ಯ ನಿಲ್ಲಿಸಿದೆ, ಗುರುಗಳೇ. ಬಾಯಿ ಶುರುವಾಯಿತು."

"ಹ್ಞೂಂ."

"ಬಾಯಿಯನ್ನೂ ನಿಲ್ಲಿಸಲೇ? ನೋಡುವವರೇ ಬರಬೇಡಿ ಎನ್ನಲೇ?"

"ಆಡುವವರನ್ನೂ ಬರಬೇಡಿ ಎಂದರೆ ಇನ್ನೂ ಶಾಂತವಾಗಿರುತ್ತದೆ."

ಉಮಾಪತಿ ಮೆಟ್ಟಿಲ ಮೇಲೆ ಕುಳಿತ.

"ಅವನನ್ನು ಉಸಿರು ಕಳ್ಳ ಅಂದರು."

"ಯಾರು ಅಂದದ್ದು?"

"ಗುಡ್ಡದಕೇರಿಯವನು ಯಾರೋ."

"ಅವನಿಗಿಂತ ಮೊದಲು ಅಂದದ್ದು ಯಾರು?"

ಉಮಾಪತಿ ಮೆಟ್ಟಿಲ ಮೇಲಿನ ಮರಳನ್ನು ಬೆರಳಿನಿಂದ ಕೆದಕಿದ.

"ಅವತ್ತು ಬೋರಲಿಂಗನ ಉಸಿರು ನಿನಗೆ ಕೇಳಿತ್ತೇ?"

"ಇಲ್ಲ." ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಅಷ್ಟು ತಮಟೆ ಬಾರಿಸುತ್ತಿದ್ದರು. ಏನು ಕೇಳುತ್ತದೆ?"

"ತಮಟೆ ನಿನ್ನ ಕಿವಿ ಮುಚ್ಚಿತು. ಬಾಯಿ ತೆರೆಸಿದ್ದು ಯಾರು?"

ನೀರು ಹರಿಯುತ್ತಿತ್ತು. ಉಮಾಪತಿ ಹೇಳಿದ:

"ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೇಳಲಿಲ್ಲ ಎನ್ನಲು ನಾಚಿಕೆಯಾಯಿತು."

ಗುರುಗಳು ಕಾಲು ಒರೆಸಿಕೊಂಡು ಎದ್ದರು.

"ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಅವರವರದು ಅವರವರಿಗೆ ಕೊಟ್ಟು ಬಾ."

ಬೆಳಿಗ್ಗೆ ಉಮಾಪತಿ ವಾದ್ಯಗಳನ್ನೆಲ್ಲ ಗಾಡಿಗೆ ಹೇರಿ ನೀರಮಡುವಿಗೆ ಹೋದ. ಬೋರಲಿಂಗ ಮನೆಯ ಮುಂದೆ ಕುಳಿತು ಮಂಡಿಗೆ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿದ್ದ. ಗಾಡಿ ನೋಡಿ ಜನ ಸೇರಿದರು. ಉಮಾಪತಿ ಸಾಕಮ್ಮನಿಗೆ ಜಾಗಟೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ:

"ಅವತ್ತು ನನಗೆ ಏನೂ ಕೇಳಿರಲಿಲ್ಲ. ಕೇಳಿಸಿತು ಎಂದು ಸುಳ್ಳು ಹೇಳಿದೆ."

ಬೋರಲಿಂಗ ತಲೆ ಎತ್ತಲಿಲ್ಲ. "ಅದು ನಂಗೆ ಅವತ್ತೇ ಗೊತ್ತಾಯ್ತು ಸ್ವಾಮಿ."

"ಮತ್ತೆ ಯಾಕೆ ಸುಮ್ಮನೆ ಹೋದೆ?"

"ತೀರ್ಪುಗಾರ ಕೈ ಎತ್ತಿದ ಮೇಲೆ ಆಡೋನು ಆಚೆ ಹೋಗ್ಬೇಕು. ಚಿಕ್ಕಂದಿನಿಂದ ಹಾಗೇ ಆಡಿದೀನಿ. ಈಗ ಬಿಡೋ ಕಾಲದಲ್ಲಿ ಬೇರೆ ಥರ ಆಡ್ಲಾ?"

ಉಮಾಪತಿ ನೀರಮಡುವಿನವರ ತಮಟೆಗಳನ್ನು ಗಾಡಿಯಿಂದ ಇಳಿಸಿದ.

ಸಾಕಮ್ಮ ಕೇಳಿದಳು, "ಈ ಮಾತು ಗುಡ್ಡದಕೇರಿಲೂ ಹೇಳ್ತೀರಾ?"

"ಅಲ್ಲಿಗೇ ಹೊರಟಿದ್ದೇನೆ."

ನದಿ ದಾಟಿ ಅಲ್ಲಿಯೂ ಹೇಳಿದ. ಗೆದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ.

ಸೋಮವಾರ ಬಂತು. ತಮಟೆಗಳೂ ಬಂದವು. ಗುರುಗಳು ಎಂದೂ ಬರದವರು ಅಂದು ಬಂದು, ದೂರದ ಮರದಡಿ ಕುಳಿತರು.

ಉಮಾಪತಿ ಅಂಕಣದ ನಡುವೆ ನಿಂತ.

"ಬಾರಿಸುವವರು ಬಾರಿಸಿ, ಊದುವವರು ಊದಿ. ಆದರೆ ಆಡುವವನ ಉಸಿರು ನನಗೆ ಕೇಳದಿದ್ದರೆ ಕೇಳಲಿಲ್ಲ ಎನ್ನುತ್ತೇನೆ. ಆ ದಾಳಿ ಲೆಕ್ಕಕ್ಕಿಲ್ಲ."

ಅರ್ಧ ಜನ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಆಗಲೇ ಬಾರಿಸುತ್ತಿದ್ದರು.

ಬೋರಲಿಂಗ ಮೊದಲ ದಾಳಿಯಲ್ಲೇ ಮೂವರನ್ನು ಮುಟ್ಟಿ ಹಾರಿ ಬಂದ. ಅಂಥ ದಾಳಿಯನ್ನು ಆ ಬಯಲು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ನೀರಮಡುವಿನ ತಮಟೆಗಳು ಹರಿದುಹೋಗುವಂತೆ ಸದ್ದು ಮಾಡಿದವು.

ಉಮಾಪತಿ ಕೈ ಎತ್ತಿದ. "ಕೇಳಲಿಲ್ಲ."

ನೀರಮಡುವಿಗೆ ನೀರಮಡುವೇ ಎದ್ದು ನಿಂತಿತು.

"ಮೂರು ಜನ ಔಟ್ ಆಗಿದಾರಲ್ರೀ!"

"ಅದು ಕಂಡಿತು. ಉಸಿರು ಕೇಳಲಿಲ್ಲ."

"ನಮಗೆ ಅನ್ಯಾಯ ಮಾಡೋಕೇ ಬಂದಿದಾನೆ ಇವನು!"

ಉಮಾಪತಿ ಎತ್ತಿದ ಕೈ ಇಳಿಸಲಿಲ್ಲ. ಬೋರಲಿಂಗ ಒಮ್ಮೆ ಅವನನ್ನು ನೋಡಿ ತನ್ನ ಜಾಗಕ್ಕೆ ಹಿಂದಿರುಗಿದ.

ಆಗ ಸಾಕಮ್ಮ ತನ್ನವರ ಕಡೆಗೇ ತಿರುಗಿದಳು.

"ನಮ್ಮ ಹುಡುಗನ ಆಟಾನ ನಮ್ಮ ತಮಟೆನೇ ತಿಂದ್ಬಿಡ್ತಲ್ರೋ! ಇನ್ನು ಅವನು ಗೆರೆ ದಾಟಿದ ಮೇಲೆ ಯಾವನಾದ್ರೂ ಬಾರಿಸ್ಲಿ, ಈ ಜಾಗಟೆ ಅವನ ತಲೆ ಮೇಲೆ ಬಾರಿಸ್ತೀನಿ."

ಎದುರಿನವರು ನಕ್ಕರು. ಸ್ವಲ್ಪ ಹೊತ್ತಿಗೆ ಅವರ ಕಹಳೆಯೇ ಅವರ ದಾಳಿಯನ್ನೂ ನುಂಗಿತು. ಉಮಾಪತಿ ಮತ್ತೆ ಕೈ ಎತ್ತಿದ. ಅವರ ನಗು ನಿಂತಿತು.

ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಆಟಗಾರನ ಕಾಲು ಗೆರೆ ದಾಟಿದರೆ ವಾದ್ಯ ತಾನೇ ನಿಲ್ಲುತ್ತಿತ್ತು. ಅವನು ಮರಳಿ ಬಂದರೆ ಬಯಲೇ ಗುಡುಗುತ್ತಿತ್ತು.

ಕೊನೆಯ ದಾಳಿಗೆ ಬೋರಲಿಂಗ ಹೋದ. ಕೋಲು ತಮಟೆಯ ಮೇಲೇ ನಿಂತಿತು. ಪೀಪಿ ತುಟಿಯಲ್ಲೇ ಉಳಿಯಿತು. ಬಯಲಿನಲ್ಲಿ ಒಂದೇ ದನಿ. ಕಬಡ್ಡಿ, ಕಬಡ್ಡಿ, ಕಬಡ್ಡಿ.

ಒಬ್ಬನನ್ನು ಮುಟ್ಟಿದ. ತಿರುಗಿದಾಗ ಮಂಡಿ ಮಡಿಚಿಕೊಂಡಿತು, ಬಿದ್ದ. ನಾಲ್ವರು ಮೇಲೆ ಬಿದ್ದು ಹಿಡಿದರು. ಮರಳಿಗೆ ಮುಖ ಒತ್ತಿದ್ದರೂ ದನಿ ನಿಲ್ಲಲಿಲ್ಲ. ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಗೆರೆ ಒಂದು ಗೇಣು ದೂರ ಇರುವಾಗ ತೀರಿತು.

"ಔಟ್," ಎಂದ ಉಮಾಪತಿ. ಕೂಗಬೇಕಾಗಲಿಲ್ಲ.

ಆ ಒಂದು ಅಂಕದಲ್ಲಿ ನೀರಮಡು ಸೋತಿತು. ಮೊದಲು ಬಾರಿಸಿದ್ದು ಗುಡ್ಡದಕೇರಿಯ ತಮಟೆ. ಆದರೆ ಬಾರಿಸುವವನು ತನ್ನವರ ಕಡೆಗಲ್ಲ, ಬೋರಲಿಂಗನ ಕಡೆಗೆ ತಿರುಗಿ ನಿಂತು ಬಾರಿಸುತ್ತಿದ್ದ.

ಬೋರಲಿಂಗ ಅಕ್ಕನ ಹೆಗಲು ಹಿಡಿದು ಉಮಾಪತಿಯ ಬಳಿ ಬಂದ.

"ಇವತ್ತು ಕೇಳಿಸ್ತಾ ಸ್ವಾಮಿ?"

"ಕೊನೆಯವರೆಗೂ ಕೇಳಿಸಿತು."

"ಹಂಗಾದ್ರೆ ಸರಿ. ಇವತ್ತು ಸೋತಿದ್ದು ನಾನೇ." ಅವನ ಮುಖದಲ್ಲಿ ನಗುವಿತ್ತು.

ಬಯಲು ಖಾಲಿಯಾಯಿತು. ಉಮಾಪತಿ ಮರದಡಿಗೆ ಹೋಗಿ ಗುರುಗಳ ಪಕ್ಕ ಕುಳಿತ.

"ಗುರುಗಳೇ, ನಾನು ವಾದ್ಯ ಕಿತ್ತುಕೊಂಡ ದಿನವೂ ಸದ್ದಿರಲಿಲ್ಲ. ಇವತ್ತು ಆ ಕೊನೆಯ ದಾಳಿಯಲ್ಲೂ ಸದ್ದಿರಲಿಲ್ಲ. ನನಗೆ ಎರಡೂ ದಿನ ಬೋರಲಿಂಗನ ಉಸಿರು ಕೇಳಿತು. ಆದರೂ ಎರಡೂ ಒಂದೇ ಅಲ್ಲ ಅನ್ನಿಸುತ್ತದೆ. ನಿಮಗೆ ಏನು ಕೇಳಿತು?"

ಅಡವಯ್ಯನವರು ಹೇಳಿದರು:

"ನಾನು ದೂರ ಕುಳಿತಿದ್ದೆ. ಅವನ ಉಸಿರು ನನಗೆ ಕೇಳಲಿಲ್ಲ. ಅಷ್ಟು ಜನ ಉಸಿರು ಬಿಗಿಹಿಡಿದದ್ದು ಕೇಳಿತು."