ಹೆಸರೊಂದನ್ನು ಬಿಟ್ಟು

“ಗುರುಗಳೇ, ನಮ್ಮ ಆಸ್ಪತ್ರೆಯ ರೋಗಿಗಳ ಮಾಹಿತಿಯನ್ನೆಲ್ಲ ಹೊರಗಿನ ಕಂಪನಿಯೊಂದರ ಕ್ಲೌಡ್‌ಗೆ ಕಳಿಸುತ್ತಿದ್ದೇವೆ. ಯಾವ ರೋಗ ಯಾರಿಗೆ ಏಕೆ ಬರುತ್ತದೆಂದು ಅವರು ಹುಡುಕಿಕೊಡುತ್ತಾರೆ. ಹೆಸರುಗಳನ್ನು ಅಳಿಸಿದ್ದೇವೆ. ಆದರೂ ಅಂಜಬೇಕೇ?” ಎಂದು ವೈದ್ಯನಾಗಿದ್ದ ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಚರ್ಮದ ರೋಗಗಳಿಗೆ ಯಾವ ಔಷಧ ಯಾರಿಗೆ ಹಿಡಿಸುತ್ತದೆಂದು ಅವನಿಗೆ ಬಗೆಹರಿಯುತ್ತಿರಲಿಲ್ಲ. ದೂರದ ಪಟ್ಟಣದಲ್ಲಿ ಒಬ್ಬ ಪಂಡಿತನಿದ್ದ. ನೂರಾರು ರೋಗಿಗಳ ವಿವರ ಕೊಟ್ಟರೆ ಅದರಲ್ಲಿ ಅಡಗಿದ ಉತ್ತರವನ್ನು ಅವನು ಹುಡುಕಿ ತೆಗೆಯುತ್ತಿದ್ದ. ವೈದ್ಯ ತನ್ನ ರೋಗಿಗಳ ವಯಸ್ಸು, ಕಸುಬು, ಸಂಸಾರ, ಕಾಯಿಲೆ ಎಲ್ಲವನ್ನೂ ಬರೆದು ಕಳಿಸಿದ. ಹೆಸರು ಮಾತ್ರ ಬರೆಯಲಿಲ್ಲ. ಪಂಡಿತನ ಉತ್ತರ ಬಂತು. ಅದು ಸರಿಯಾಗಿಯೇ ಇತ್ತು. ಹಲವರು ಗುಣವಾದರು. ವೈದ್ಯ ಹಿಗ್ಗಿದ.

ಆ ಊರಿನ ವರ್ತಕನೊಬ್ಬ ಪಟ್ಟಣಕ್ಕೆ ಹೋಗಿಬಂದ. ಅವನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವನು ನೇರವಾಗಿ ವೈದ್ಯನ ಮನೆಗೆ ಬಂದು, “ಸ್ವಾಮಿ, ನಮ್ಮ ಸೂಲಗಿತ್ತಿಯ ಬೆನ್ನಿನ ಮೇಲೆ ತೊನ್ನು ಇದೆಯಂತೆ. ಹುಟ್ಟುವ ಮಗುವನ್ನು ಅವಳ ಕೈಗೆ ಹೇಗೆ ಕೊಡಲಿ?” ಎಂದ.

ವೈದ್ಯ ಕೂತಲ್ಲಿಂದ ಎದ್ದ. “ಅದು ಅಂಟುವ ರೋಗವಲ್ಲ. ನಿಮಗೆ ಅವಳ ಹೆಸರು ಹೇಳಿದವರು ಯಾರು?”

“ಹೆಸರನ್ನು ಯಾರೂ ಹೇಳಲಿಲ್ಲ. ಈ ಊರಿನ ಸೂಲಗಿತ್ತಿ ಎಂದು ಪಂಡಿತನ ಮನೆಯ ಆಳುಗಳು ಮಾತಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಇರುವವಳು ಒಬ್ಬಳೇ ಅಲ್ಲವೇ?”

ವರ್ತಕ ಹೋದ ಮೇಲೆ ವೈದ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬರೆದು ಕಳಿಸಿದ್ದೆಲ್ಲ ನೆನಪಾಯಿತು. ಕುರುಡ ನೇಕಾರ. ಅವಳಿ ಮಕ್ಕಳ ತಾಯಿ. ಗುಡಿಯ ಅರ್ಚಕ. ಊರಿಗೆ ಒಬ್ಬೊಬ್ಬರೇ. ಬಾಗಿಲು ಸದ್ದಾದಾಗಲೆಲ್ಲ ಇನ್ಯಾರ ಗುಟ್ಟು ಹೊರಬಿತ್ತೋ ಎಂದು ಎದ್ದು ಹೋಗಿ ನೋಡುತ್ತಿದ್ದ. ಆ ಬರಹವನ್ನು ಉಳಿಸಬೇಡಿ ಎಂದು ಪಂಡಿತನಿಗೆ ಹೇಳಿಕಳಿಸಿದ. ಎಲ್ಲವನ್ನೂ ಸುಟ್ಟುಹಾಕಿದೆನೆಂದು ಪಂಡಿತ ತಿಳಿಸಿದ. ಅದಕ್ಕೆ ಮೊದಲು ಯಾರು ಯಾರು ಓದಿದ್ದರೆಂಬುದು ಪಂಡಿತನಿಗೂ ಗೊತ್ತಿರಲಿಲ್ಲ.

ಸೂಲಗಿತ್ತಿಯನ್ನು ಯಾರೂ ಕರೆಯದಾದರು. ಅವಳು ಊರು ಬಿಟ್ಟಳು. ಹೋಗುವಾಗ ವೈದ್ಯನ ಮನೆಯತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಜನ ಅವನಲ್ಲಿಗೆ ಬಂದರೂ ನಿಜ ಹೇಳುವುದನ್ನು ಬಿಟ್ಟರು. ಕೆಮ್ಮಿದಾಗ ರಕ್ತ ಬೀಳುವುದನ್ನು ಒಬ್ಬ ಕಮ್ಮಾರ ಮುಚ್ಚಿಟ್ಟ. ವೈದ್ಯನಿಗೆ ತಿಳಿಯುವ ಹೊತ್ತಿಗೆ ಅದು ಕೈಮೀರಿತ್ತು.

ಕತೆ ಮುಗಿಯಿತು. “ನಾವು ವಿಳಾಸ, ಫೋನ್ ನಂಬರು ಕೂಡ ಅಳಿಸಿದ್ದೇವೆ, ಗುರುಗಳೇ” ಎಂದ ಮರುಳಯ್ಯ.

ಗುರುಗಳು ಕೇಳಿದರು: “ಅದರಲ್ಲಿ ನಿನ್ನ ತಾಯಿಯ ವಿವರವೂ ಇದ್ದರೆ, ಹೆಸರಿಲ್ಲವೆಂದು ನೀನು ಅವಳ ಗುರುತು ಹಿಡಿಯದೆ ಇರುತ್ತೀಯಾ?”