ಹೇಳಬಾರದ ಬೇರು

ಬೋರಯ್ಯ ಶಾಲೆ ಬಿಟ್ಟು ಮೊದಲ ಸಲ ಊರಿನಿಂದ ಹೊರಟದ್ದು ಒಂದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು. ಆಮೇಲೆ ಅವನ ಕಾಲು ಒಂದು ಕಡೆ ನಿಂತದ್ದಿಲ್ಲ. ತಿರುಗಾಟದಲ್ಲೇ ಒಂದಷ್ಟು ಗಿಡಮೂಲಿಕೆ ಕಲಿತ. ತಲೆ ನರೆಯುವ ಕಾಲಕ್ಕೆ ಗುಡ್ಡದ ಮಠಕ್ಕೆ ಬಂದು ಗುರುಗಳನ್ನು ಕೇಳಿದ:

“ಬುದ್ಧಿ, ನಿನ್ನೆ ಕೆಳಗಿನ ಹಳ್ಳಿಯಲ್ಲಿ ಒಬ್ಬ ಮುದುಕಿಗೆ ಎದೆನೋವಿಗೆ ಬೇರು ಕೊಟ್ಟು ಬಂದೆ. ಪೇಟೆ ಡಾಕ್ಟರ ಗುಳಿಗೆಯನ್ನೂ ನುಂಗ್ತಾಳೆ. ಯಾವ ಬೇರಪ್ಪ ಅಂತ ಕೇಳಿದಳು. ನಾನು ಹೇಳಲಿಲ್ಲ. ಹೇಳಿದರೆ ಗುಣ ಹೋಗುತ್ತೆ ಅಂತ ನನಗೆ ಕಲಿಸಿದವರ ಮಾತು. ಸರಿ ತಾನೆ?”

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಎದೆಗುಂಡಿಗೆ ಸೋತು ಕಾಲು ಬಾತುಕೊಂಡಿತ್ತು. ಡಾಕ್ಟರು ಗುಳಿಗೆ ಕೊಟ್ಟರು. ಗುಣ ಕಾಣುವುದು ತಡವಾಯಿತು. ಹೆಂಡತಿ ನಾಟಿವೈದ್ಯನ ಕಾಲಿಗೆ ಬಿದ್ದಳು. ಅವನೂ ಗುಂಡಿಗೆಗೇ ಬೇರು ಕೊಟ್ಟ. ಕಾಸು ಮುಟ್ಟಲಿಲ್ಲ, ಭಾಷೆ ಮಾತ್ರ ತೆಗೆದುಕೊಂಡ. ಬೇರಿನ ಮಾತು ಯಾರ ಕಿವಿಗೂ ಬೀಳಕೂಡದು, ಬಿದ್ದರೆ ಅದರ ಗುಣ ಹೋದಂತೆ.

ಬೇರೂ ಗುಳಿಗೆಯೂ ಒಂದೇ ಗುಂಡಿಗೆಯ ಮೇಲೆ ಕೆಲಸ ಮಾಡಿದವು. ನೇಕಾರ ವಾಂತಿ ಮಾಡಿಕೊಂಡ. ಕಣ್ಣು ಮಂಜಾಯಿತು, ನಾಡಿ ತಪ್ಪಿತು. ಆಸ್ಪತ್ರೆಗೆ ಹೊತ್ತು ತಂದರು.

“ಸೊಪ್ಪುಸದೆ ಏನಾದರೂ ಕುಡಿಸಿದೆಯೇನಮ್ಮ? ಬೈಯೋದಕ್ಕೆ ಕೇಳ್ತಿಲ್ಲ. ಗೊತ್ತಾದರೆ ಅದಕ್ಕೆ ಮದ್ದಿದೆ,” ಎಂದರು ಡಾಕ್ಟರು.

“ಗಂಜಿ ಬಿಟ್ಟರೆ ಬೇರೇನೂ ಇಲ್ಲ ಸ್ವಾಮಿ.”

ಇನ್ನೊಮ್ಮೆ ಕೇಳಿದರು. ಅವಳು ಗಂಡನ ಮುಖ ನೋಡಿದಳು. ತಾನು ಬಾಯಿ ಬಿಟ್ಟರೆ ಇವನು ಉಳಿಯುವುದಿಲ್ಲ ಎಂದೇ ಅವಳ ನಂಬಿಕೆ. ಇಲ್ಲ ಎಂದಳು.

ಡಾಕ್ಟರು ಗುಳಿಗೆ ನಿಲ್ಲಿಸಿದರು. ಅವರು ಅತ್ತ ಹೋದ ಮೇಲೆ ಅವಳು ಸೆರಗಿನ ಗಂಟು ಬಿಚ್ಚಿ, ಬೇರು ತೇದು, ಗಂಜಿಗೆ ಬೆರೆಸಿ ಕುಡಿಸಿದಳು. ಗಂಡ ಉಳಿಯಲಿ ಎಂದು ಒಂದಿಷ್ಟು ಹೆಚ್ಚೇ ತೇದಿದ್ದಳು. ಸಂಜೆಯೊಳಗೆ ನೇಕಾರ ಸತ್ತ.

ಗುರುಗಳ ಕಥೆ ಅಲ್ಲಿಗೆ ಮುಗಿಯಿತು.

“ಆ ಬೇರಿನಲ್ಲೇ ಗುಣ ಇರಲಿಲ್ಲವೇನೋ, ಬುದ್ಧಿ,” ಎಂದ ಬೋರಯ್ಯ.

“ಇತ್ತಪ್ಪ. ಅವಳು ಯಾರಿಗೂ ಹೇಳಿರಲಿಲ್ಲವಲ್ಲ.”

ಬೋರಯ್ಯ ಆಗಷ್ಟೇ ಹಾಸಿದ್ದ ಕಂಬಳಿಯನ್ನು ಸುತ್ತಿ ಹೆಗಲಿಗೇರಿಸಿ, ಜೋಳಿಗೆಯ ಬಾಯಿ ಕಟ್ಟತೊಡಗಿದ. ಗುಡ್ಡ ಇಳಿಯುವಷ್ಟರಲ್ಲಿ ಮುದುಕಿ ಬೇರು ತೇಯುವ ಹೊತ್ತಾಗಿರುತ್ತದೆ.